ಪೀಠಿಕಿ ಹಾಲೇಶ

ಅರಕೇರಾದ ಹಾಲೇಶ ಇವತ್ತಿನವರೆಗೆ ಒಂದೇ ಒಂದು ಹಾಡಿಗೂ ಪೇಟಿ ಸಾಥ್ ಕೊಟ್ಟವನಲ್ಲ. ಆದರೂ ದೇವದುರ್ಗ, ಮಾನ್ವಿ, ರಾಯಚೂರು ಈ ಮೂರೂ ಕಡೆ ಅವನಷ್ಟು ಹೆಸರಾದ ಪೇಟಿ ಮಾಸ್ತರ ಇನ್ನೊಬ್ಬನಿಲ್ಲ.

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ. ಹಾಡುವವರು ಗಂಟಲು ಸರಿಮಾಡಿಕೊಳ್ಳುವಾಗ, ಕೇಳುವವರು ಜಾಗ ಹಿಡಿದು ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವಾಗ, ಪೇಟಿಯವನು ಹಾಡಿಗೆ ಮುಂಚೆ ನಾಲ್ಕಾರು ಸುತ್ತು ನುಡಿಸುತ್ತಾನಲ್ಲ, ಅದು ಪೀಠಿಕೆ. ಹಾಲೇಶ ನುಡಿಸುತ್ತಿದ್ದದ್ದು ಅದಷ್ಟನ್ನೇ. ಹಾಡು ಶುರುವಾಯಿತೋ, ಅವನು ತಿದಿ ಮುಚ್ಚಿ ಕೊಂಡಿ ಹಾಕಿ, ಸೊಂಟದ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದ.

ಇದು ಅವನಿಗೆ ಎಲ್ಲಿಂದ ಅಂಟಿತು ಎಂದು ಕೇಳಿದರೆ ರಾಯಚೂರಿನ ತೀನ್ ಕಂದೀಲು ಪೇಟೆಗೆ ಹೋಗಬೇಕು. ಹಾಲೇಶನ ಅಪ್ಪ ಕನಕರಾಯ ಕುರಿ ಕಾಯುವವನು. ಕಂಬಳಿ ಮಾರಲು ಆಗಾಗ ರಾಯಚೂರಿಗೆ ಬರುತ್ತಿದ್ದ, ಮೀಸೆ ಬಂದ ಮಗನನ್ನು ಹೊರೆ ಹೊರಲಿಕ್ಕೆ ಕರೆತರುತ್ತಿದ್ದ. ಅಪ್ಪ ಗಿರಾಕಿಗಳ ಜೊತೆ ವಾದಕ್ಕಿಳಿದಾಗ ಮಗ ಹಿಂದಿನ ಸಂದಿಯೊಳಗೆ ಜಾರಿಬಿಡುತ್ತಿದ್ದ. ಅಲ್ಲಿ ಸತ್ತಾರ್ ಸಾಬರ ಪೇಟಿ ರಿಪೇರಿ ಅಂಗಡಿ. ಸತ್ತಾರ್ ಸಾಬರು ಒಂದು ಕಾಲದಲ್ಲಿ ನಾಟಕ ಕಂಪನಿಗಳಲ್ಲಿ ಕಾಲುಪೇಟಿ ಬಾರಿಸಿದವರು. ಕಂಪನಿಗಳು ಮುಚ್ಚಿದ ಮೇಲೆ ಒಡೆದ ಪೇಟಿಗಳನ್ನು ಸರಿಮಾಡುತ್ತ ಕೂತಿದ್ದರು. ರಿಪೇರಿ ಮಾಡುವವರು ಪೂರ್ತಿ ಹಾಡು ನುಡಿಸುವುದಿಲ್ಲ. ಸ್ವರ ಸರಿಯಾಗಿ ಹೊರಡುತ್ತದೋ ಇಲ್ಲವೋ ಎಂದು ಸ್ವಲ್ಪ ನುಡಿಸಿ ನೋಡುತ್ತಾರೆ, ಪಕ್ಕಕ್ಕಿಡುತ್ತಾರೆ, ಇನ್ನೊಂದನ್ನು ತೆಗೆದುಕೊಳ್ಳುತ್ತಾರೆ. ಹಾಲೇಶ ಸಂಗೀತ ಅಂದರೆ ಇಷ್ಟೇ ಎಂದುಕೊಂಡ. ಹಾಗೆ ಅಂದುಕೊಂಡೇ ಅದಕ್ಕೆ ಮನಸೋತ.

ಕುರಿ ಬಿಟ್ಟು ಸಾಬರ ಬಳಿ ಕಲಿಯಲು ಕೂತಾಗ ಅವರು ಮೊದಲು ಹೇಳಿದ್ದು ಇದು:

"ಬೇಟಾ, ಪೀಠಿಕಿ ಅಂದ್ರ ಮನಿ ಮುಂದಿನ ಕಟ್ಟಿ ಇದ್ದಂಗ. ಬಂದ ಮಂದಿ ಚಪ್ಲಿ ಬಿಟ್ಟು, ಧೂಳಾ ಜಾಡಿಸಿ, ನೀರು ಕುಡ್ದು ಕುಂದರೋ ಜಾಗಾ. ಒಳಗ ಹೋದ ಮ್ಯಾಲ ಯಾವುದರೆ ಒಂದು ಖೋಲಿಗೇ ಹೋಗಬೇಕು. ಕಟ್ಟಿ ಮ್ಯಾಲ ಕುಂತಿರೂತನಕಾ ಎಲ್ಲಾ ಖೋಲಿನೂ ನಿಮ್ಮವೇ."

"ಹಂಗಾರ ಒಳಗ ಯಾಕ ಹೋಗಬೇಕ್ರಿ ಉಸ್ತಾದ್?" ಎಂದ ಹಾಲೇಶ.

ಸತ್ತಾರ್ ಸಾಬರು ನಕ್ಕರು. ನಗುತ್ತ ಕೆಮ್ಮು ಹತ್ತಿತು, ಕೆಮ್ಮುತ್ತ ನೀರು ಕುಡಿದರು, ಅಷ್ಟರಲ್ಲಿ ಗಿರಾಕಿ ಬಂದ. ಉತ್ತರ ಅಲ್ಲಿಗೇ ಉಳಿಯಿತು. ಉಸ್ತಾದರು ಒಪ್ಪಿದರು ಎಂದು ಹಾಲೇಶ ತಿಳಿದ. ಆಮೇಲೆ ಅವರು ಹಾಡುಗಳನ್ನು ಕಲಿಸಲು ಹೊರಟಾಗಲೆಲ್ಲ ಅವನು ಕೇಳಿಸಿಕೊಳ್ಳುತ್ತಿದ್ದ, ತಲೆಯಾಡಿಸುತ್ತಿದ್ದ, ಕೈ ಮಾತ್ರ ಹಚ್ಚುತ್ತಿರಲಿಲ್ಲ. ಹಾಡು ಶುರುವಾದ ಕೂಡಲೇ ಅವನಿಗೆ ಏನೋ ಕೈಬಿಟ್ಟು ಹೋದಂತೆ ಅನಿಸುತ್ತಿತ್ತಂತೆ. ಪೀಠಿಕೆಯಲ್ಲಿ ಯಾವ ಹಾಡು ಬೇಕಾದರೂ ಬರಬಹುದು; ಹಾಡು ಬಂದರೆ ಬಂದದ್ದು ಅದೊಂದೇ.

ಇಂಥ ತತ್ವ ಇಟ್ಟುಕೊಂಡವನನ್ನು ಭಜನಾ ಮಂಡಳಿ ಎಷ್ಟು ದಿನ ತಡೆದುಕೊಂಡೀತು? ಹಾಲೇಶ ದೇವದುರ್ಗಕ್ಕೆ ಬಂದು ಬಾಡಿಗೆ ಮನೆ ಹಿಡಿದು ಅಲ್ಲಿನ ಒಂದು ಮಂಡಳಿ ಸೇರಿದ್ದ. ಅದರ ಹಿರಿಯ, ಬಟ್ಟೆ ವ್ಯಾಪಾರಿ ಬಸವಪ್ರಸಾದ, ಸೋಮವಾರದ ಸಂಜೆ ಎಲ್ಲರ ಎದುರಿಗೇ ಕೇಳಿದ:

"ಲೇ ಹಾಲೇಶ, ಹಾಡಿಗೆ ಯಾಕ ಬಾರಸಂಗಿಲ್ಲೋ ನೀ?"

"ಹಾಡು ನೀವು ಹಾಡಾಕತ್ತೀರಲ್ರೀ. ಅದು ಹೆಂಗೂ ನಡದದ. ನಾ ಮತ್ತ ಯಾಕ ಕೈ ಹಾಕ್ಲಿ?"

"ಹಂಗಾರ ನಿನ್ನ ಪೀಠಿಕಿ ಯಾಕ ಬೇಕು ನಮಗ?"

"ಅದಿಲ್ಲಂದ್ರ ನೀವು ಶುರುನೇ ಮಾಡಂಗಿಲ್ಲಲ್ರೀ."

ಬಸವಪ್ರಸಾದನಿಗೆ ಸಿಟ್ಟು ಬಂತು. ಪೀಠಿಕೆಯಿಲ್ಲದೆ ಹಾಡಿ ತೋರಿಸುತ್ತೇವೆ ಎಂದು ತಾಳ ಎತ್ತಿಕೊಂಡ. ಒಬ್ಬ ಮೇಲೆ ಹಿಡಿದ, ಒಬ್ಬ ಕೆಳಗೆ ಹಿಡಿದ, ಮೂರನೆಯವನು ಬೇರೆ ಹಾಡನ್ನೇ ಹಿಡಿದ. ಆ ಸಂಜೆ ಮಂಡಳಿ ಮೂರು ಹಾಡುಗಳನ್ನು ಒಟ್ಟಿಗೆ ಹಾಡಿ ಮುಗಿಸಿತು. ಹಾಲೇಶನನ್ನು ಮಾತ್ರ ಮರುವಾರ ಕರೆಯಲಿಲ್ಲ.

ಮದುವೆಯ ವಿಷಯವೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಹೋಗಿತ್ತು. ಜಾಲಹಳ್ಳಿಯಲ್ಲಿ ರಾಧಾ ಎಂಬ ಹುಡುಗಿ ಇದ್ದಾಳೆ, ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು ಎಂದು ಯಾರೋ ಹೇಳಿದ್ದರು. ಕನಕರಾಯ ಮಗನನ್ನು ಕರೆದುಕೊಂಡು ಹೋದ. ಹುಡುಗಿಯ ಕಡೆಯವರು ಮರ್ಯಾದೆಗೆ, "ಪೇಟಿ ತಂದಾರಲ್ಲ, ಒಂದು ಹಾಡು ಆಗಲಿ" ಅಂದರು. ಹಾಲೇಶ ತಿದಿ ಎಳೆದ. ಒಳಗೆ ರಾಧಾ ಮಂಡಕ್ಕಿ ಸುಸಲದ ತಟ್ಟೆಗಳನ್ನು ಜೋಡಿಸಿ, ಹಾಡು ಮುಗಿಯಲಿ ಆಮೇಲೆ ಹೊರಗೆ ಹೋಗೋಣ ಎಂದು ಬಾಗಿಲ ಹಿಂದೆ ನಿಂತಳು. ಮುಗಿಯಬೇಕಾದರೆ ಹಾಡು ಶುರುವಾಗಬೇಕಲ್ಲ. ಪೀಠಿಕೆ ಒಮ್ಮೆ ಮೇಲೆ ಹೋಗುತ್ತಿತ್ತು, ಇನ್ನೇನು ಬಂತು ಅನ್ನುವಷ್ಟರಲ್ಲಿ ತಿರುಗಿ ಕೆಳಗಿಳಿಯುತ್ತಿತ್ತು. ಕೊನೆಗೆ ರಾಧಾ ತಟ್ಟೆ ಹಿಡಿದು ಹೊರಗೆ ಬಂದೇಬಿಟ್ಟಳು.

"ನಿಮ್ಮದು ಆಗೂದ್ರಾಗ ಸುಸಲಾ ಕಲ್ಲಾಗ್ತದ್ರಿ. ತಗೋರಿ, ತಿನ್ರಿ."

ಹಾಲೇಶ ಕೈ ನಿಲ್ಲಿಸಿದ. "ನಿಮಗ ಹಾಡಾಕ ಬರ್ತದೇನ್ರಿ?"

"ಇಲ್ರಿ. ಒಂದು ಸಾಲೂ ಬರಂಗಿಲ್ಲ."

ಅವನ ಮುಖ ಅರಳಿತು. ಅಪ್ಪನ ಕಡೆ ತಿರುಗಿ, "ಯಪ್ಪಾ, ಇದು ಆಗ್ಲಿ" ಅಂದ. ಮದುವೆಯಾಯಿತು.

ಮಂಡಳಿ ಬಿಟ್ಟ ಮೇಲೆ ಕೆಲಸವಿಲ್ಲದೆ ತಿರುಗುತ್ತಿದ್ದ ಹಾಲೇಶನನ್ನು ಎತ್ತಿಕೊಂಡವನು ವೆಂಕಣ್ಣ. ದೇವದುರ್ಗದಲ್ಲಿ ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆ ಕೊಡುವವನು. ಮೈಕು ತನ್ನದೇ ಆದ್ದರಿಂದ ನಿರೂಪಣೆಯನ್ನೂ ತಾನೇ ಮಾಡುತ್ತಿದ್ದ. ನಮ್ಮ ಕಡೆಯ ಸಭೆಗಳನ್ನು ನೋಡಿದವರಿಗೆ ಗೊತ್ತು, ಮುಕ್ಕಾಲು ಪಾಲು ಪೀಠಿಕೆಯೇ ಇರುತ್ತದೆ. ಪ್ರಾರ್ಥನೆ ಆಗಬೇಕು, ಸ್ವಾಗತ ಆಗಬೇಕು, ಪ್ರಾಸ್ತಾವಿಕ ನುಡಿಯಲ್ಲಿ ಸಂಘ ಹುಟ್ಟಿದ ಕಥೆ ಬರಬೇಕು, ಅತಿಥಿಗಳ ಪರಿಚಯದಲ್ಲಿ ಅವರ ಅಜ್ಜನ ಕಥೆ ಬರಬೇಕು, ನಡುವೆ ನಿರೂಪಕ ತನ್ನದೊಂದು ಕವಿತೆ ತೂರಿಸಬೇಕು. ಇಷ್ಟೆಲ್ಲ ಆದರೂ ಮುಖ್ಯ ಅತಿಥಿ ಬಂದಿರುವುದಿಲ್ಲ. ಆಗ ಜನ ಏಳತೊಡಗುತ್ತಾರೆ. ಎದ್ದವರ ಜೊತೆ ಕೆಲವು ಕುರ್ಚಿಗಳೂ ಹೋಗುತ್ತವೆ. ವೆಂಕಣ್ಣನ ಸಂಕಟ ಅದು.

ಒಂದು ಸಂಘದ ಕಟ್ಟಡದ ಉದ್ಘಾಟನೆಯಲ್ಲಿ ಹೀಗೇ ಜನ ಏಳುತ್ತಿದ್ದಾಗ ಅವನು ಹಾಲೇಶನನ್ನು ವೇದಿಕೆಗೆ ನೂಕಿದ. ಹಾಲೇಶ ಶುರುಮಾಡಿದ. ಎದ್ದವರು ನಿಂತರು. ನಿಂತವರು ಕೂತರು. ಈಗ ಏನೋ ಶುರುವಾಗುತ್ತದೆ, ಈಗ ಎದ್ದರೆ ಅದು ತಪ್ಪಿಹೋಗುತ್ತದೆ ಎಂದು ಎಲ್ಲರಿಗೂ ಅನಿಸಿತು. ಅತಿಥಿ ಊಟದ ಹೊತ್ತು ದಾಟಿಸಿ ಬಂದಾಗ ಜನ ಇನ್ನೂ ಹಾಗೇ ಮುಂದಕ್ಕೆ ಬಾಗಿ ಕೂತಿದ್ದರು. ಅತಿಥಿ ಮಾತಾಡಿದ ಮೇಲೆ ಒಬ್ಬ ಮುದುಕ ಪಕ್ಕದವನನ್ನು, "ಇವರೂ ಆದ್ರು. ಇನ್ನ ಅದು ಯಾವಾಗ ಬರ್ತದ?" ಎಂದು ಕೇಳಿದನಂತೆ.

ಅಲ್ಲಿಂದ ಹಾಲೇಶನಿಗೆ ಬಿಡುವಿಲ್ಲವಾಯಿತು. ತಡವಾಗುವ ಕಡೆಯೆಲ್ಲ ಅವನಿರಬೇಕು. ಗಂಡಿನ ದಿಬ್ಬಣ ಬಾರದ ಮದುವೆಗೆ ಅವನು, ಹೊಗೆಯೇ ಏಳದ ಅಡುಗೆಮನೆಯ ಮುಂದೆ ಅವನು. ರಾಯಚೂರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಕಾಯುವ ರೋಗಿಗಳು ಗೊಣಗುತ್ತಾರೆಂದು ಅವನನ್ನು ಹೊರಗಿನ ಕೋಣೆಯಲ್ಲಿ ಕೂಡಿಸಿದರು. ಗೊಣಗಾಟ ನಿಂತಿತು. ಆದರೆ ಹೆಸರು ಕರೆದರೂ ರೋಗಿಗಳು ಒಳಗೆ ಹೋಗಲೊಲ್ಲರು. ಮಹಬೂಬೀ ಎಂಬ ಹೆಂಗಸು ಊದಿದ ಕೆನ್ನೆ ಹಿಡಿದುಕೊಂಡು, "ನನ್ನ ಹಿಂದಿನವ್ರನ್ನ ಕರೀರಿ ಡಾಕ್ಟ್ರೆ, ಇದು ಎಲ್ಲಿಗೆ ಹೋಗ್ತದೋ ನೋಡಿ ಬರ್ತೀನಿ" ಅಂದಳು. ಸಂಜೆಯ ಹೊತ್ತಿಗೆ ಡಾಕ್ಟರೇ ಹೊರಗೆ ಬಂದು ರೋಗಿಗಳ ಬೆಂಚಿನಲ್ಲಿ ಕೂತಿದ್ದರು. ಮರುದಿನದಿಂದ ಅವನನ್ನು ಬರಬೇಡ ಎಂದರು, ಕೈಮುಗಿದು.

ಇಷ್ಟು ಹೇಳಿದರೆ ಅವನು ಎಂಥ ಮನುಷ್ಯ ಎಂಬುದು ತಿಳಿದಿರಬೇಕು. ಈಗ ಮಾನ್ವಿಯಲ್ಲಿ ಆದದ್ದನ್ನು ಹೇಳಬಹುದು.

ಮಾನ್ವಿಯ ಶರಣಯ್ಯನವರದು ಅಕ್ಕಿ ಗಿರಣಿ. ಅಕ್ಕಿಯೊಳಗಿನ ಕಪ್ಪು ಕಾಳುಗಳನ್ನು ತಾನೇ ನೋಡಿ ಆರಿಸುವ ಹೊಸ ಯಂತ್ರ ತರಿಸಿದ್ದರು. ಶಿವಭಕ್ತರ ಮನೆ, ಪೂಜೆ, ಅಯ್ಯನವರ ಪಾದೋದಕ ಎಲ್ಲ ಬೆಳಿಗ್ಗೆಯೇ ಮುಗಿಯಿತು. ಯಂತ್ರ ಚಾಲೂ ಮಾಡಲು ರಾಯಚೂರಿನ ಉದಯಕುಮಾರ ಎಂಬ ಮುಖಂಡರನ್ನು ಕರೆದಿದ್ದರು. ಮುಖಂಡರು ತಡ ಮಾಡುತ್ತಾರೆ ಎಂಬುದು ಗೊತ್ತಿದ್ದುದರಿಂದ ವೆಂಕಣ್ಣನ ಶಾಮಿಯಾನದ ಜೊತೆಗೆ ಹಾಲೇಶನಿಗೂ ಹೇಳಿದ್ದರು. ಗಿರಣಿಯ ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಶರಣಯ್ಯನವರ ತಾಯಿ ಅಂಬಮ್ಮ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಹಾಲೇಶ ಕಣ್ಣುಮುಚ್ಚಿ ನುಡಿಸತೊಡಗಿದ. ಅವತ್ತು ಅವನ ಕೈ ಎಂದಿಗಿಂತ ಚೆನ್ನಾಗಿ ಓಡುತ್ತಿತ್ತು. ಅದೇ ಎಡವಟ್ಟಾಯಿತು.

ಉದಯಕುಮಾರ ಬಂದರು. ತೀರಾ ತಡವಾಗಿಯೂ ಬರಲಿಲ್ಲ. ಆದರೆ ಗೇಟಿನ ಬಳಿ ಕಾರಿಳಿಯುತ್ತಲೇ ಪೀಠಿಕೆ ಕಿವಿಗೆ ಬಿತ್ತು. ಬಿದ್ದದ್ದೇ ಅವರ ನಡಿಗೆ ಮೆತ್ತಗಾಯಿತು. ಅಂಗಿ ಸರಿಮಾಡಿಕೊಂಡರು, ಪಕ್ಕದಿಂದ ಬಂದು ಹಿಂದಿನ ಸಾಲಿನಲ್ಲಿ ಒಂದು ಖಾಲಿ ಕುರ್ಚಿ ಹಿಡಿದು ಕೂತರು. ಶರಣಯ್ಯ ಓಡಿಬಂದರು.

"ಸರ್, ಇಲ್ಲಿ ಯಾಕ್ರಿ? ಸ್ಟೇಜಿಗೆ ಬರ್ರಿ."

"ಏ ಬ್ಯಾಡ ಬ್ಯಾಡ, ದೊಡ್ಡೋರು ಬರೋದು ಇನ್ನೂ ಅದ. ನಾ ಮೊದ್ಲೇ ಮ್ಯಾಲ ಹತ್ತಿ ಕುಂತ್ರ ಚಲೋ ಕಾಣಂಗಿಲ್ಲ."

"ದೊಡ್ಡೋರಾ? ಯಾರು ಸರ್?"

"ನನ್ನ ಕೇಳ್ತೀರೇನ್ರಿ? ಕರದೋರು ನೀವು."

ಶರಣಯ್ಯ ಕರೆದದ್ದು ಇವರೊಬ್ಬರನ್ನೇ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಪೇಟಿಯ ಕಡೆ ಕಿವಿಗೊಟ್ಟು ನಿಂತಷ್ಟೂ ಆ ಗೊತ್ತಿದ್ದದ್ದು ಸಡಿಲಾಗತೊಡಗಿತು. ಇಷ್ಟೊಂದು ಪೀಠಿಕೆ ಬರಿಯ ಉದಯಕುಮಾರರಿಗೆ ಇರಲಾರದು. ತಾಯಿಯ ಬಳಿ ಹೋಗಿ ಬಗ್ಗಿದರು.

"ಯವ್ವಾ, ನೀ ಏನಾರ ಯಾರಿಗಾದ್ರೂ ಹೇಳಿಕಳ್ಸಿದ್ದೇನು?"

"ಹೇಳಿರಬೇಕಪಾ," ಎಂದರು ಅಂಬಮ್ಮ. "ನೆನಪಾಗವಲ್ದು. ಆದ್ರ ಭಾಳ ದೊಡ್ಡ ಜೀವ ಬರಾಕತ್ತದ. ಕೇಳು, ಗೊತ್ತಾಗ್ತದ."

ಶರಣಯ್ಯ ಆಳುಗಳನ್ನು ಕೂಗಿ ಗೇಟಿನಿಂದ ರಸ್ತೆಯವರೆಗೆ ನೀರು ಹೊಡೆಸಿದರು. ನೀರು ಹೊಡೆಯುವುದನ್ನು ನೋಡಿ ಎದುರಿನ ಚಹಾದಂಗಡಿಯ ಪೀರಾ ಸಾಬ್ ತನ್ನ ಬೆಂಚುಗಳನ್ನು ಒಳಗೆ ಎಳೆದುಕೊಂಡು, ಬಾಗಿಲಿಗೆ ಮಾವಿನ ತೋರಣ ಕಟ್ಟಿದ. ತೋರಣ ನೋಡಿ ಪಕ್ಕದ ಗೊಬ್ಬರದಂಗಡಿಯವನು ಅಂಗಡಿ ಮುಚ್ಚಿದ. ಅಂಗಡಿ ಮುಚ್ಚುತ್ತಿರುವುದನ್ನು ಕಂಡು ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಪೊಲೀಸರು ಬೈಕು ನಿಲ್ಲಿಸಿ, ಯಾರನ್ನೂ ಏನೂ ಕೇಳದೆ, ಹಗ್ಗ ಕಟ್ಟಿ ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸತೊಡಗಿದರು. ಹಾಗೆ ತಿರುಗಿದ ಬಸ್ಸಿನಿಂದ ಒಬ್ಬ ಇಳಿದು ಬಂದು, ದಿಲ್ಲಿಯವರಂತೆ ಎಂದ. ಇನ್ನೊಬ್ಬ, ದಿಲ್ಲಿಯಲ್ಲ, ಮಠದವರು, ಮೌನ ವ್ರತ ಇದೆ ಎಂದ. ವೆಂಕಣ್ಣ ಮೈಕಿನಲ್ಲಿ, "ಇನ್ನು ಕೆಲವೇ ಕ್ಷಣಗಳಲ್ಲಿ" ಎಂದು ಶುರುಮಾಡಿ, ಮುಂದೇನು ಹೇಳಬೇಕೆಂದು ತಿಳಿಯದೆ ಅಷ್ಟನ್ನೇ ಮತ್ತೆ ಮತ್ತೆ ಹೇಳಿದ.

ಒಮ್ಮೆ ವೆಂಕಣ್ಣ ಹಾಲೇಶನ ಕಿವಿಯಲ್ಲಿ, "ಯಾರೋ ಬರೋರು?" ಎಂದು ಪಿಸುಗುಟ್ಟಿದ.

"ನಂಗೇನ್ ಗೊತ್ತು?" ಎಂದ ಹಾಲೇಶ ಕಣ್ಣು ತೆರೆಯದೆ. "ಬರೋದು ಖರೆ ಅನಸ್ತದ."

ಅದೇ ಹೊತ್ತಿಗೆ ದೇವದುರ್ಗದಲ್ಲಿ ರಾಧಾ ತನ್ನ ಮನೆಯ ಮುಂದೆ ನಿಂತಿದ್ದಳು. ತವರಿಗೆ ಹೋಗಿದ್ದವಳು ಬೆಳಗಿನ ಬಸ್ಸಿಗೆ ವಾಪಸು ಬಂದಿದ್ದಳು. ಬಾಗಿಲಿಗೆ ಕೀಲಿ. ಕೀಲಿಕೈ ಗಂಡನ ಜೇಬಿನಲ್ಲಿ. ಗಂಡ ಮಾನ್ವಿಯಲ್ಲಿ. ನುಡಿಸುವಾಗ ಅಡ್ಡಿಯಾಗುತ್ತದೆಂದು ಅವನು ಫೋನು ಬಂದ್ ಮಾಡಿಟ್ಟಿದ್ದ. ಒಳಗೆ ಒಬ್ಬರ ಮದುವೆ ಬ್ಲೌಸು ಅರ್ಧ ಹೊಲಿದದ್ದು ಮಿಶಿನ್ನಿನ ಮೇಲಿತ್ತು, ಅವರು ಸಂಜೆಗೆ ಬರುವವರಿದ್ದರು. ರಾಧಾ ಸ್ವಲ್ಪ ಹೊತ್ತು ಬಾಗಿಲನ್ನು ನೋಡಿದಳು, ಪಕ್ಕದ ಮನೆಯವರು ಕೊಟ್ಟ ನೀರು ಕುಡಿದಳು, ಮಾನ್ವಿ ಬಸ್ಸು ಹತ್ತಿದಳು.

ಮಾನ್ವಿಯಲ್ಲಿ ಬಸ್ಸು ಹಗ್ಗದ ಬಳಿ ನಿಂತಿತು. ಉಳಿದವರು ಇಳಿದು ಗೊಣಗುತ್ತ ನಿಂತರು. ರಾಧಾ ಮಾತ್ರ ಹಗ್ಗ ಎತ್ತಿ ಅದರ ಕೆಳಗಿಂದ ದಾಟಿ, ನೀರು ಹೊಡೆದ ಖಾಲಿ ರಸ್ತೆಯ ನಡುವೆ ನಡೆಯತೊಡಗಿದಳು. ಕೈಯಲ್ಲಿ ಚೀಲ, ತಲೆಯ ಮೇಲೆ ಬಿಸಿಲಿಗೆ ಸೆರಗು, ಮುಖದ ತುಂಬ ಸಿಟ್ಟು. ಪೊಲೀಸರಲ್ಲಿ ಒಬ್ಬ ತಡೆಯಲು ಹೆಜ್ಜೆ ಮುಂದಿಟ್ಟವನು ಆ ಮುಖ ನೋಡಿ ಹಿಂದಿಟ್ಟ.

ಗೇಟಿನೊಳಗೆ ಬಂದು ಅವಳು ವೇದಿಕೆಯತ್ತ ನೋಡಿದಳು. ಅದೇ ಗಳಿಗೆಗೆ ಹಾಲೇಶ ಕಣ್ಣು ತೆರೆದ. ಹೆಂಡತಿಯನ್ನು ಕಂಡ. ಜೇಬಿನಲ್ಲಿದ್ದ ಕೀಲಿಕೈ ನೆನಪಾಯಿತು. ಕೈ ತಾನಾಗಿ ನಿಂತಿತು.

ಬೆಳಗಿನಿಂದ ಓಡುತ್ತಿದ್ದ ಪೀಠಿಕೆ ನಿಂತಿದೆ. ನಿಂತಿದೆ ಎಂದರೆ ಬರಬೇಕಾದದ್ದು ಬಂದಿದೆ. ಇಡೀ ಸಭೆ ತಿರುಗಿ ಗೇಟಿನ ಕಡೆ ನೋಡಿತು. ಮೊದಲು ಎದ್ದವರು ಉದಯಕುಮಾರ. ಅವರನ್ನು ನೋಡಿ ಎಲ್ಲರೂ ಎದ್ದರು. ಶರಣಯ್ಯ ಮುಖಂಡರಿಗಾಗಿ ತರಿಸಿದ್ದ ಹಾರ ಹಿಡಿದು ಬಂದಾಗ, ಮುಖಂಡರೇ ಅದನ್ನು ಇಸಿದುಕೊಂಡು ರಾಧಾಳ ಕೊರಳಿಗೆ ಹಾಕಿ ಕೈಮುಗಿದರು.

ರಾಧಾ ಹಾರವನ್ನೂ ಜನರನ್ನೂ ನೋಡಿದಳು. ಇಲ್ಲಿ ಏನೋ ಆಗಿದೆ, ಏನೆಂದು ಕೇಳಲು ತನಗೆ ಹೊತ್ತಿಲ್ಲ ಎಂದು ಅವಳಿಗೆ ಅನಿಸಿತಂತೆ. ನೇರವಾಗಿ ಹೇಳಿದಳು:

"ನಾ ಕೀಲಿ ಸಲುವಾಗಿ ಬಂದೀನಿ. ಕೀಲಿ ಕೊಡ್ರಿ, ಹೋಗ್ತೀನಿ."

"ಕೀಲಿ!" ಎಂದ ವೆಂಕಣ್ಣ ಮೈಕಿನಲ್ಲಿ. ಅವನು ರಾಧಾಳ ಕೈಯಿಂದ ಎಷ್ಟೋ ಸಲ ಚಹಾ ಕುಡಿದವನು. ಆ ಗಳಿಗೆಯಲ್ಲಿ ಅವನಿಗೂ ಗುರುತು ಹತ್ತಲಿಲ್ಲ. "ತಾಯಿಯವರು ಕೀಲಿ ಕೇಳ್ತಿದ್ದಾರೆ!"

ಶರಣಯ್ಯ ಓಡಿಹೋಗಿ ಹೊಸ ಯಂತ್ರದ ಕೀಲಿಕೈಯನ್ನು ಬೆಳ್ಳಿ ತಟ್ಟೆಯಲ್ಲಿ ಅರಿಶಿನ ಕುಂಕುಮದ ಜೊತೆ ತಂದು ಅವಳೆದುರು ಹಿಡಿದರು. ಇದು ತನ್ನ ಮನೆಯ ಕೀಲಿಕೈ ಅಲ್ಲ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಹೆಂಗಸರು ಆರತಿ ಹಿಡಿದು ಅವಳನ್ನು ಯಂತ್ರದ ತನಕ ಒಯ್ದಾಗಿತ್ತು. ಅವಳಿಗೆ ಒಂದು ತಿಳಿಯಿತು, ಇದನ್ನು ತಿರುಗಿಸದೆ ಇವರು ತನ್ನನ್ನು ಬಿಡುವುದಿಲ್ಲ. ತಿರುಗಿಸಿದಳು. ಯಂತ್ರ ಹೂಂಕರಿಸಿ ಎದ್ದಿತು. ಒಂದು ಬಾಯಿಂದ ಬೆಳ್ಳಗಿನ ಅಕ್ಕಿ, ಇನ್ನೊಂದು ಬಾಯಿಂದ ಕಪ್ಪು ಕಾಳು ಸುರಿಯತೊಡಗಿತು. ಅಂಗಳ ಚಪ್ಪಾಳೆಯಿಂದ ತುಂಬಿತು.

ಮೈಕು ಅವಳ ಮುಂದೆ ಬಂತು.

"ಹೊತ್ತಾತು," ಎಂದಳು ರಾಧಾ. "ಎಲ್ಲಾರೂ ಉಂಡು ಮನಿಗೆ ಹೋಗ್ರಿ."

ಇಷ್ಟು ಚಿಕ್ಕ ಭಾಷಣವನ್ನು ಮಾನ್ವಿಯ ಜನ ಕೇಳಿರಲಿಲ್ಲ. ಕೆಲವರ ಕಣ್ಣಲ್ಲಿ ನೀರು ಬಂತು. ಅಂಬಮ್ಮ ಅವಳ ಗಲ್ಲ ಮುಟ್ಟಿ ನೆಟಿಗೆ ಮುರಿದು, "ಎಂಥಾ ತಾಯಿ! ಕೆಲಸದ ಮಾತು ಬಿಟ್ಟು ಒಂದು ಮಾತು ಹೆಚ್ಚಿಗಿ ಇಲ್ಲ" ಎಂದರು. ಉದಯಕುಮಾರ ತಮ್ಮ ಅಳಿಯನ ವರ್ಗಾವಣೆಯ ಬಗ್ಗೆ ಮೆಲ್ಲಗೆ ಒಂದು ಮಾತು ಹಾಕಿದರು. ರಾಧಾ, "ನೋಡೂಣು ತಡೀರಿ" ಎಂದಳು. ಬ್ಲೌಸು ಬೇಗ ಬೇಕೆನ್ನುವವರಿಗೆ ಅವಳು ಯಾವಾಗಲೂ ಹೇಳುವ ಮಾತು ಅದು.

ದೇವದುರ್ಗದ ಬಸ್ಸಿನಲ್ಲಿ ಗಂಡಹೆಂಡತಿ ಪಕ್ಕಪಕ್ಕ ಕೂತರು. ಪೇಟಿ ಕಾಲಿನ ಬಳಿ, ಹಾರ ಪೇಟಿಯ ಮೇಲೆ.

"ಯಾರಂತ ತಿಳ್ಕೊಂಡ್ರು ಅವರು ನನ್ನ?" ಎಂದಳು ರಾಧಾ.

"ಯಾರಂತನೂ ತಿಳ್ಕೊಂಡಿಲ್ಲ. ಬರ್ತಾರಂತ ತಿಳ್ಕೊಂಡಿದ್ರು. ನೀ ಬಂದಿ."

"ಬ್ಯಾರೆ ಯಾರರೆ ಬಂದಿದ್ರ?"

"ಅವ್ರಿಗೆ ಹಾಕ್ತಿದ್ರು ಹಾರಾ."

ಅವಳು ಕಿಟಕಿಯ ಹೊರಗೆ ಹತ್ತಿ ಹೊಲಗಳನ್ನು ನೋಡುತ್ತ ಕೂತಳು. ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬ್ಲೌಸು ಆವತ್ತು ಹೊಲಿದು ಮುಗಿಯಲಿಲ್ಲ.

ಹಾಲೇಶನಿಗೆ ಮಾತ್ರ ಸಮಾಧಾನವಾಗಲಿಲ್ಲ. ಇಷ್ಟು ವರ್ಷ ಅವನ ಪೀಠಿಕೆ ಎಲ್ಲಿಗೂ ಹೋಗಿ ಮುಟ್ಟಿರಲಿಲ್ಲ, ಅವನಿಗೆ ಬೇಕಾದದ್ದೂ ಅದೇ. ಈಗ ಅದು ಹೋಗಿ ಹೆಂಡತಿಯನ್ನೇ ಮುಟ್ಟಿತ್ತು. ರಾಯಚೂರಿಗೆ ಹೋಗಿ ಸತ್ತಾರ್ ಸಾಬರ ಮುಂದೆ ಎಲ್ಲವನ್ನೂ ಹೇಳಿಕೊಂಡ. ತಪ್ಪಾಯಿತೇ ಎಂದು ಕೇಳಿದ. ಸಾಬರು ಕೈಯಲ್ಲಿದ್ದ ತಿದಿಗೆ ಅಂಟು ಬಳಿಯುತ್ತಲೇ ಕೇಳಿಸಿಕೊಂಡರು.

"ತಪ್ಪೇನದರಾಗ? ನೀ ಕಟ್ಟಿ ಕಟ್ಟಿದಿ. ಭಾಳ ಚಲೋ ಕಟ್ಟಿದಿ. ಇಷ್ಟು ಛಂದ ಕಟ್ಟಿ ಅದಂದ ಮ್ಯಾಲ ಹಿಂದ ಮಹಲು ಇರಲೇಬೇಕಂತ ಮಂದಿ ತಾವೇ ಮಹಲು ಕಟ್ಟಿಕೊಂಡ್ರು. ಪಾಪ, ಅದರಾಗ ನಿನ್ನ ಹೆಂಡ್ತಿನ್ನ ಕುಂದರ್ಸಿದ್ರು." ತಿದಿಯನ್ನು ಪಕ್ಕಕ್ಕಿಟ್ಟು ಕೇಳಿದರು: "ಆಕಿಗೆ ಊಟಾ ಹಾಕಿದ್ರೋ ಇಲ್ಲೋ?"

"ಇಲ್ರಿ ಉಸ್ತಾದ್. ಫೋಟೋ ತೆಗಸ್ಕೊಳ್ಳೋರ ಗದ್ದಲದಾಗ ಉಣ್ಣಾಕ ಆಗ್ಲಿಲ್ಲ."

"ಅದು ತಪ್ಪು," ಎಂದರು ಸತ್ತಾರ್ ಸಾಬರು.

ಆಮೇಲೆ ಕರೆಗಳು ಬರತೊಡಗಿದವು. ಈಗ ಬರುವವರು ಇಬ್ಬರನ್ನೂ ಕೇಳುತ್ತಿದ್ದರು, ಪೀಠಿಕೆಗೆ ಅವನು, ಮುಖ್ಯ ಅತಿಥಿಯಾಗಿ ಅವಳು. "ನಾ ಬ್ಲೌಸ್ ಹೊಲಿಯಾಕಿ ಅದೀನ್ರಿ" ಎಂದು ರಾಧಾ ಬಾಗಿಲಲ್ಲೇ ಹೇಳಿ ನೋಡಿದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿ, "ಎಷ್ಟು ಸರಳ!" ಎಂದರು. ಕೊನೆಗೆ ಅವಳೂ ಹೋಗತೊಡಗಿದಳು. ದೇವದುರ್ಗದಲ್ಲಿ ಒಂದು ಬಟ್ಟೆ ಅಂಗಡಿ ತೆರೆದಳು, ಜಾಲಹಳ್ಳಿಯಲ್ಲಿ ಕುಸ್ತಿ ಶುರುಮಾಡಿಸಿದಳು. ಹಾಲೇಶ ಜನರನ್ನು ಕಾಯಿಸುತ್ತಿದ್ದ, ಅವಳು ಗೇಟಿನಿಂದ ನಡೆದು ಬರುತ್ತಿದ್ದಳು, ಅವನ ಕೈ ನಿಲ್ಲುತ್ತಿತ್ತು, ಜನ ಏಳುತ್ತಿದ್ದರು. ಅವಳು ಒಂದೆರಡು ಮಾತು ಹೇಳುತ್ತಿದ್ದಳು. ಒಮ್ಮೆ ಏನೂ ತೋಚದೆ, "ನಮ್ಮ ಓಣ್ಯಾಗ ಬೋರಿನ ಮೋಟರು ಸುಟ್ಟದ" ಎಂದಳು. ಜನ ಇದರ ಅರ್ಥವೇನೆಂದು ತಲೆದೂಗುತ್ತಿದ್ದಂತೆ ಮರುದಿನ ಮೋಟರು ಬಂತು. ಓಣಿಯ ಹೆಂಗಸರು ಮುಂದೆ ಹೇಳಬೇಕಾದ ಮಾತುಗಳನ್ನು ಅವಳಿಗೆ ಮೊದಲೇ ಹೇಳಿಕೊಟ್ಟು ಕಳಿಸತೊಡಗಿದರು.

ಊಟ ಮಾತ್ರ ಎಲ್ಲೂ ಆಗುತ್ತಿರಲಿಲ್ಲ. ಎಲೆಯ ಮುಂದೆ ಕೂತರೆ ಸುತ್ತ ಜನ ನಿಂತು ನೋಡುತ್ತಿದ್ದರು. ರಾಧಾ ತುತ್ತು ಎತ್ತಿ ಹಾಗೇ ಇಡುತ್ತಿದ್ದಳು.

ಕಳೆದ ಬೇಸಿಗೆ ದೇವಸುಗೂರಿನ ಬಳಿ ಒಬ್ಬರ ಹೊಸ ಕಲ್ಯಾಣ ಮಂಟಪದ ಉದ್ಘಾಟನೆ ಇತ್ತು. ಕರೆಯಲು ಬಂದಿದ್ದವನು ಮಂಟಪದ ಯಜಮಾನನ ತಮ್ಮ. ಮನೆಗೇ ಬಂದು, ಫಲತಾಂಬೂಲ ಕೊಟ್ಟು, ಅಡ್ಡಬಿದ್ದು ಹೋಗಿದ್ದ. ಕಾರ್ಯಕ್ರಮದ ಹಿಂದಿನ ದಿನ ಹಾಲೇಶನ ಬಲಗೈ ಬೆರಳಿಗೆ ಉಗುರುಸುತ್ತಾಗಿ ಬಾತುಕೊಂಡಿತು. ನಿಂಬೆಹಣ್ಣು ಸಿಕ್ಕಿಸಿಕೊಂಡು ಕೂತ. ನುಡಿಸುವಂತಿರಲಿಲ್ಲ.

"ಮಾತು ಕೊಟ್ಟೀವಿ. ನಾ ಒಬ್ಬಾಕಿ ಹೋಗಿ ಬರ್ತೀನಿ," ಎಂದಳು ರಾಧಾ.

"ಪೀಠಿಕಿ?"

"ಫೋನಿನ್ಯಾಗ ಏನಾರ ಹಚ್ತಾರ ಬಿಡ್ರಿ."

ಫೋನಿನಲ್ಲಿ ಏನೋ ಹಚ್ಚಿದ್ದರು. ರಾಧಾ ಅದೇ ಸೀರೆ ಉಟ್ಟು, ಅದೇ ನಡಿಗೆಯಲ್ಲಿ ಗೇಟಿಗೆ ಹೋದಳು. ಅಡ್ಡಬಿದ್ದು ಹೋಗಿದ್ದ ಆ ತಮ್ಮನೇ ಅಲ್ಲಿ ನಿಂತಿದ್ದ. ಅವಳನ್ನು ಒಮ್ಮೆ ನೋಡಿದ.

"ಅಡಗಿಯವ್ರೇನು? ಎಷ್ಟೊತ್ತಿಗೆ ಬರ್ತೀರಬೇ! ಹಿಂದಕ್ಕ ಹೋಗ್ರಿ, ಹಿಂದಕ್ಕ," ಎಂದು ಬದನೆಕಾಯಿಯ ಬುಟ್ಟಿಯನ್ನು ಅವಳ ಕೈಗೆ ಕೊಟ್ಟ.

ರಾಧಾ ಬುಟ್ಟಿ ಹೊತ್ತು ಹಿಂದಕ್ಕೆ ಹೋದಳು. ಅಲ್ಲಿ ಹೆಂಗಸರು ಸಾಲಾಗಿ ಕೂತು ಹೆಚ್ಚುತ್ತಿದ್ದರು, ಒಬ್ಬಳು ಸರಿದು ಜಾಗ ಕೊಟ್ಟಳು. ಅವಳು ಬದನೆಕಾಯಿ ಸೀಳಿ ಮಸಾಲೆ ತುಂಬಿದಳು. ಯಾರದೋ ಸೊಸೆಯ ಕಥೆ ಕೇಳಿದಳು, ತನ್ನ ಕಡೆಯದೊಂದು ಕಥೆ ಹೇಳಿದಳು. ಮುಂದೆ ಮೈಕಿನಲ್ಲಿ, ಮುಖ್ಯ ಅತಿಥಿಗಳು ಇನ್ನೇನು ದಯಮಾಡಿಸಲಿದ್ದಾರೆ ಎಂದು ಹೇಳುತ್ತಲೇ ಇದ್ದರು. ಫೋನಿನ ಹಾಡು ಮುಗಿದು ಮುಗಿದು ಮತ್ತೆ ಶುರುವಾಗುತ್ತಿತ್ತು, ಜನ ಎದ್ದು ಹೋಗುತ್ತಿದ್ದರು. ಅಡುಗೆಯಾದ ಮೇಲೆ ಹೆಂಗಸರ ಜೊತೆ ಎಲೆ ಹಾಕಿಕೊಂಡು ಕೂತು, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಹೊಟ್ಟೆ ತುಂಬ ಉಂಡಳು. ಕೈ ತೊಳೆದುಕೊಂಡು ಹಿಂದಿನ ದಾರಿಯಿಂದ ಬಸ್ಸಿಗೆ ಬಂದಳು.

ಹಾಲೇಶ ಬಾಗಿಲಲ್ಲೇ ಕಾಯುತ್ತಿದ್ದ. ಕೇಳಿ ಮುಖ ಸಣ್ಣದು ಮಾಡಿಕೊಂಡ.

"ನನ್ನ ಬೆರಳಿನ ದೆಸಿಯಿಂದ ನಿಂಗ ಅವಮಾನ ಆತಲ್ಲ."

"ಯಾವ ಅವಮಾನ? ಎಣ್ಣಿಗಾಯಿ ನಾನೇ ಮಾಡಿದ್ದು, ಭಾಳ ಚಲೋ ಆಗಿತ್ತು."

"ಉದ್ಘಾಟನಾ ಯಾರು ಮಾಡಿದ್ರು?"

"ಗೊತ್ತಿಲ್ಲಪಾ. ನಾ ಉಂಡು ಬರೂವಾಗೂ ನನ್ನ ದಾರಿನೇ ನೋಡಾಕತ್ತಿದ್ರು."

ಬೆರಳು ವಾಸಿಯಾಯಿತು. ಹಾಲೇಶ ಈಗಲೂ ನುಡಿಸುತ್ತಾನೆ, ಹಾಡಿನ ಹೊಸ್ತಿಲವರೆಗೆ ಹೋಗಿ ಈಗಲೂ ತಿರುಗುತ್ತಾನೆ. ಕರೆಯಲು ಬಂದವರನ್ನು ಕೂಡಿಸಿ ಮಾತಾಡುವುದು ಮಾತ್ರ ರಾಧಾಳ ಕೆಲಸವಾಗಿದೆ. ಯಾವ ಕಾರ್ಯಕ್ರಮ, ಯಾರು ಅಧ್ಯಕ್ಷರು ಎಂದು ಅವಳು ಕೇಳುವುದಿಲ್ಲ. ಊಟಕ್ಕೆ ಏನು ಮಾಡಿಸಿದ್ದೀರಿ ಎಂದು ಕೇಳುತ್ತಾಳೆ. ಬರೀ ಅನ್ನ ಸಾರು ಎಂದರೆ ಗಂಡನನ್ನು ಪೇಟಿ ಸಮೇತ ಕರೆದುಕೊಂಡು ಹೋಗಿ, ಹಾರ ಹಾಕಿಸಿಕೊಂಡು, ಓಣಿಯ ಕೆಲಸವೊಂದನ್ನು ಹೇಳಿ ಬರುತ್ತಾಳೆ. ಹೋಳಿಗೆ ಎಂದರೆ ಒಬ್ಬಳೇ ಹೋಗುತ್ತಾಳೆ.